ಶಾಲೆಯವರಿಗೂ ಊರವರಿಗೂ ಕಂಪ್ಯೂಟರ್ ಕಲಿಸಲು ಸ್ಪೋಕನ್ ಟ್ಯುಟೋರಿಯಲ್ ಹೇಗಿದೆ?

ನೇರವಾಗಿ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡುವವರಿಗೆ ಕಂಪ್ಯೂಟರ್ ಕಲಿಯಲು ಏನಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲಿದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕೊರತೆಗಳೂ ಇವೆ, ಅವುಗಳಲ್ಲಿ ಒಂದೆರಡು ನಿಜಕ್ಕೂ ಬೇಸರ ತರಿಸುವಂಥವು. ಎಲ್ಲವನ್ನೂ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಕಂಪ್ಯೂಟರ್ ಲ್ಯಾಬ್‌ಗೆ ಮಕ್ಕಳ ಜೊತೆ ದೊಡ್ಡವರೂ ಬರುತ್ತಾರೆ. ಪಕ್ಕದ ಪ್ರಾಥಮಿಕ ಶಾಲೆಯ ಶಿಕ್ಷಕರು, ನಮ್ಮ ಎಸ್‌ಡಿಎ ಸರ್ (ಕಚೇರಿಯ ದ್ವಿತೀಯ ದರ್ಜೆ ಸಹಾಯಕರು), ಬಿಸಿಯೂಟದ ಮುಖ್ಯ ಅಡುಗೆಯವರು, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಸ್ತ್ರೀಶಕ್ತಿ ಸಂಘದ ಒಂದಿಬ್ಬರು. ಇವರೆಲ್ಲರ ಜೊತೆ ಕೂತು ಈ ಪಾಠಗಳನ್ನು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಹಾಗಾಗಿ ಕಾಲೇಜಿನ ಎಂಜಿನಿಯರಿಂಗ್ ಮಕ್ಕಳಿಗೆ ಇದು ಹೇಗೆ ಅನ್ನುವುದು ಈ ಬರಹದಲ್ಲಿ ಸಿಗುವುದಿಲ್ಲ. ಮೌಸ್ ಹಿಡಿಯಲು ಕೈ ನಡುಗುವವರಿಗೆ ಹೇಗೆ ಅನ್ನುವುದು ಸಿಗುತ್ತದೆ.

ಮೊದಲು ಇದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಐಐಟಿ ಬಾಂಬೆಯ ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ಮುಂದಾಳತ್ವದಲ್ಲಿ ಶುರುವಾದ ಯೋಜನೆ ಇದು. ಕೇಂದ್ರದ ಶಿಕ್ಷಣ ಸಚಿವಾಲಯದ ನೆರವಿನಿಂದ ಬೆಳೆದದ್ದು. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಪರದೆಯ ಮೇಲೆ ಒಬ್ಬರು ಕೆಲಸ ಮಾಡುತ್ತಾ ಹೋಗುತ್ತಾರೆ, ಏನು ಮಾಡುತ್ತಿದ್ದೇನೆ ಅಂತ ಹೇಳುತ್ತಾ ಹೋಗುತ್ತಾರೆ. ಅಷ್ಟೇ. ಮುಖ ಕಾಣಿಸುವುದಿಲ್ಲ, ಹಿನ್ನೆಲೆ ಸಂಗೀತ ಇಲ್ಲ, ಸಬ್‌ಸ್ಕ್ರೈಬ್ ಮಾಡಿ ಅಂತ ಕೂಗುವುದಿಲ್ಲ. ಹೆಚ್ಚಿನವು ಉಚಿತ, ಮುಕ್ತ ತಂತ್ರಾಂಶಗಳ ಬಗ್ಗೆಯೇ: ಲಿಬ್ರೆಆಫೀಸ್, ಲಿನಕ್ಸ್, ಜಿಯೋಜಿಬ್ರಾ, ಜಿಂಪ್, ಇಂಕ್‌ಸ್ಕೇಪ್, ಪೈಥಾನ್, ಹೀಗೆ. ಮೊದಲು ಇಂಗ್ಲಿಷ್‌ನಲ್ಲಿ ಮಾಡಿ ಆಮೇಲೆ ಧ್ವನಿಯನ್ನು ಮಾತ್ರ ಬೇರೆ ಬೇರೆ ಭಾರತೀಯ ಭಾಷೆಗಳಿಗೆ ಹಾಕುತ್ತಾರೆ, ಅದರಲ್ಲಿ ಕನ್ನಡವೂ ಒಂದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ನಕಲು ಮಾಡಿ ಹಂಚಿದರೂ ತಪ್ಪಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಊರೂರಿಗೆ ಕೊಡಬಹುದು, ನಾನು ಕೊಡುತ್ತಲೇ ಇದ್ದೇನೆ.

ಇದು ಯಾಕೆ ನನಗೆ ಇಷ್ಟು ಮುಖ್ಯ ಅನಿಸಿತು ಅಂತ ಹೇಳಬೇಕಾದರೆ ಶಾಲೆಗಳಲ್ಲಿ ಕಂಪ್ಯೂಟರ್ ತರಬೇತಿ ಹೇಗೆ ನಡೆಯುತ್ತದೆ ಅನ್ನುವುದನ್ನು ಹೇಳಬೇಕು. ಹಿಂದೆ ಒಂದು ಕಡೆ ತರಬೇತಿಗೆ ಹೋಗಿದ್ದೆವು, ಹೆಸರು ಬೇಡ. ದೊಡ್ಡ ಹಾಲ್, ಒಂದು ಪ್ರೊಜೆಕ್ಟರ್, ಮೂರು ಜನಕ್ಕೆ ಒಂದು ಕಂಪ್ಯೂಟರ್. ಮೌಸ್ ಯಾರ ಕೈಯಲ್ಲಿ ಇತ್ತೋ ಅವರು ಕಲಿತರು, ಉಳಿದಿಬ್ಬರು ನೋಡಿದರು. ಸಂಪನ್ಮೂಲ ವ್ಯಕ್ತಿಗಳು ಚೆನ್ನಾಗಿಯೇ ಹೇಳುತ್ತಿದ್ದರು, ಆದರೆ ಅವರಿಗೆ ಆ ದಿನ ಮುಗಿಸಲೇಬೇಕಾದ ವಿಷಯಗಳ ಪಟ್ಟಿ ಇತ್ತು. ಇನ್ನೊಮ್ಮೆ ತೋರಿಸಿ ಸರ್ ಅಂತ ಒಂದು ಸಲ ಕೇಳಬಹುದು, ಎರಡು ಸಲ ಕೇಳಬಹುದು. ಮೂರನೇ ಸಲ ಐವತ್ತು ದಾಟಿದ ಮೇಷ್ಟ್ರು ಸುಮ್ನೆ ತಲೆ ಅಲ್ಲಾಡಿಸಿ ಅರ್ಥ ಆಯ್ತು ಅಂದುಬಿಡುತ್ತಾರೆ. ಶಾಲೆಗೆ ಬಂದ ಮೇಲೆ ಆ ಟಿಪ್ಪಣಿ ಪುಸ್ತಕ ಬೀರುವಿಗೆ ಹೋಗುತ್ತದೆ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುವುದು. ತರಬೇತಿಗೆ ಕರೆಯುವುದು ಶಿಕ್ಷಕರನ್ನು ಮಾತ್ರ. ಶಾಲೆಯ ಅರ್ಧ ಕೆಲಸ ಕಚೇರಿಯ ಕೋಣೆಯಲ್ಲಿ, ಅಡುಗೆ ಮನೆಯಲ್ಲಿ ನಡೆಯುತ್ತದೆ. ಅವರನ್ನು ಯಾರೂ ಕರೆಯುವುದಿಲ್ಲ. ನಮ್ಮ ಎಸ್‌ಡಿಎ ಸರ್ ವೇತನ ಬಿಲ್ಲಿನಿಂದ ಹಿಡಿದು ಮಕ್ಕಳ ವರ್ಗಾವಣೆ ಪ್ರಮಾಣಪತ್ರದವರೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಬೇಕು, ಆದರೆ ಅದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಅಲ್ಲಿ ಇಲ್ಲಿ ಕೇಳಿ, ಸೈಬರ್ ಸೆಂಟರ್ ಹುಡುಗನಿಗೆ ದುಡ್ಡು ಕೊಟ್ಟು ಮಾಡಿಸಿ ದಿನ ನೂಕಿದ್ದಾರೆ. ಇಂಥವರಿಗೆ ಬೇಕಾದದ್ದು ಒಂದೇ, ನಿಲ್ಲಿಸಿ ಹಿಂದಕ್ಕೆ ಹಾಕಿ ಮತ್ತೆ ನೋಡುವ ಅವಕಾಶ, ಅದೂ ಯಾರ ಮುಂದೆಯೂ ಕೈ ಎತ್ತದೆ. ಸ್ಪೋಕನ್ ಟ್ಯುಟೋರಿಯಲ್ ಕೊಡುವುದು ಅದನ್ನೇ.

ಇದನ್ನು ನೋಡುವ ರೀತಿಯೂ ಅವರೇ ಹೇಳಿಕೊಟ್ಟಿದ್ದಾರೆ. ಪರದೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ವಿಡಿಯೊ, ಇನ್ನೊಂದು ಕಡೆ ತಂತ್ರಾಂಶ ಇಟ್ಟುಕೊಳ್ಳಬೇಕು. ಒಂದು ಹೆಜ್ಜೆ ನೋಡು, ನಿಲ್ಲಿಸು, ನೀನು ಮಾಡು, ಮುಂದೆ ಹೋಗು. ಪಾಠದ ಮಧ್ಯದಲ್ಲಿ ಅವರೇ ವಿಡಿಯೊ ನಿಲ್ಲಿಸಿ ಈ ಅಸೈನ್‌ಮೆಂಟ್ ಮಾಡಿ ಅನ್ನುತ್ತಾರೆ. ಹತ್ತು ನಿಮಿಷದ ಪಾಠಕ್ಕೆ ನಮ್ಮಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು, ಅದೇ ಸರಿ. ಹೆಡ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ನೋಡಬೇಕು, ಪ್ರೊಜೆಕ್ಟರ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಹಾಕಿದರೆ ಮತ್ತೆ ಹಳೆಯ ಹಾಲ್‌ನ ಕಥೆಯೇ ಆಗುತ್ತದೆ. ಹೆಡ್‌ಫೋನ್ ತರಲು ಬೇಕಾಗುವ ದುಡ್ಡು ತುಂಬಾ ಇಲ್ಲ, ಮಾಮೂಲಿ ಮೊಬೈಲ್ ಇಯರ್‌ಫೋನ್ ಸಾಕು.

ಪರದೆಯ ಮೇಲಿನ ಮೆನು ಇಂಗ್ಲಿಷ್, ಕಿವಿಗೆ ಬೀಳುವುದು ಕನ್ನಡ. ಇದು ಕೊರತೆ ಅಂತ ಕೆಲವರು ಹೇಳಿದ್ದಾರೆ. ನನ್ನ ಅನುಭವ ಬೇರೆ. ನಮ್ಮ ಕಂಪ್ಯೂಟರಿನಲ್ಲೂ ಮೆನು ಇಂಗ್ಲಿಷ್‌ನಲ್ಲೇ ಇದೆ. ಆದ್ದರಿಂದ ಫೈಲ್, ಎಡಿಟ್, ಇನ್ಸರ್ಟ್ ಅಂತ ಎಲ್ಲಿ ಒತ್ತಬೇಕು ಅನ್ನುವುದು ಹಾಗೇ ಕಣ್ಣಿಗೆ ಸಿಗುತ್ತದೆ, ಯಾಕೆ ಒತ್ತಬೇಕು ಅನ್ನುವುದು ಕನ್ನಡದಲ್ಲಿ ತಿಳಿಯುತ್ತದೆ. ಆದರೆ ಪಾಠದ ಶುರುವಿನಲ್ಲಿ, ಕೊನೆಯಲ್ಲಿ ಬರುವ ಸ್ಲೈಡ್‌ಗಳೂ ಇಂಗ್ಲಿಷ್‌ನಲ್ಲೇ ಉಳಿದಿವೆ. ಅವನ್ನಾದರೂ ಕನ್ನಡಕ್ಕೆ ತರಬಹುದಿತ್ತು. ಕಲಿತದ್ದೇನು ಅಂತ ಕೊನೆಗೆ ಓದಿ ನೆನಪಿಟ್ಟುಕೊಳ್ಳುವ ಜಾಗ ಅದು.

ಕನ್ನಡ ಹೇಗಿದೆ ಅಂದರೆ, ಸ್ವಲ್ಪ ಪುಸ್ತಕದ ಕನ್ನಡ. ಕೆಲವು ದನಿಗಳು ಬಹಳ ಚೆನ್ನಾಗಿವೆ, ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತಾರೆ. ಕೆಲವು ಕಡೆ ಇಂಗ್ಲಿಷ್ ವಾಕ್ಯದ ಹಿಂದೆಯೇ ಓಡುವ ಅನುವಾದ, ಮೂರು ಸಲ ಕೇಳಬೇಕಾಗುತ್ತದೆ. ನಮ್ಮ ಕಡೆಯ ಮಾತಿನ ಧಾಟಿ ಅಂತೂ ಇಲ್ಲ. ಆದರೂ ಇಂಗ್ಲಿಷ್ ಬಾರದ ಕಾರಣಕ್ಕೇ ಕಂಪ್ಯೂಟರ್ ತನ್ನದಲ್ಲ ಅಂದುಕೊಂಡವರಿಗೆ ಈ ಕನ್ನಡ ಎಷ್ಟು ಧೈರ್ಯ ಕೊಡುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಡುಗೆಯ ಅಕ್ಕ ಒಬ್ಬರು ಇಯರ್‌ಫೋನ್ ತೆಗೆದು, "ಅಕ್ಕೋರೆ, ಇವರು ನಮ್ಮ ಮಾತ್ನಾಗ ಹೇಳಾಕತ್ತಾರ್ರೀ" ಅಂತ ಹಿಗ್ಗಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನೇನು ಬೇಕು.

ಕೇಳುವುದಕ್ಕಿಂತ ಓದುವುದು ಸುಲಭ ಅನ್ನುವವರಿಗೆ ಒಂದು ಒಳ್ಳೆಯ ವಿಷಯ ಇದೆ, ಎಷ್ಟೋ ಜನ ಇದನ್ನು ಗಮನಿಸಿರುವುದಿಲ್ಲ. ಪಾಠದ ಪೂರ್ತಿ ಮಾತು ಬರಹದಲ್ಲೂ ಸಿಗುತ್ತದೆ. ಎಡಗಡೆ ಸಮಯ, ಬಲಗಡೆ ಆ ಹೊತ್ತಿಗೆ ಹೇಳುವ ಮಾತು. ಅದನ್ನು ಪ್ರಿಂಟ್ ತೆಗೆದು ಕೊಟ್ಟರೆ ನಮ್ಮ ಎಸ್‌ಡಿಎ ಸರ್ ಪಕ್ಕದಲ್ಲಿಟ್ಟುಕೊಂಡು, ಮಾಡಿದ ಹೆಜ್ಜೆಗೆ ಪೆನ್ನಿನಲ್ಲಿ ಗೆರೆ ಹಾಕುತ್ತಾ ಹೋಗುತ್ತಾರೆ. ವಿಡಿಯೊಗಿಂತ ಆ ಹಾಳೆಯಿಂದಲೇ ಅವರು ಜಾಸ್ತಿ ಕಲಿತರು.

ಈಗ ಪಾಠಗಳ ಒಳಗಿನ ವಿಷಯಕ್ಕೆ ಬರೋಣ. ಶಾಲೆಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಲಿಬ್ರೆಆಫೀಸ್ ಕ್ಯಾಲ್ಕ್. ಎಕ್ಸೆಲ್ ಗೊತ್ತಿದ್ದವರಿಗೆ ಇದೂ ಅದೇ ಅನಿಸುತ್ತದೆ, ಎಕ್ಸೆಲ್ ಕಡತಗಳೂ ಇದರಲ್ಲಿ ತೆರೆಯುತ್ತವೆ. ಪಾಠದಲ್ಲಿ ಅವರು ಬಳಸುವುದು ಮನೆ ಖರ್ಚಿನ ಲೆಕ್ಕದ ಒಂದು ಹಾಳೆ. ಬಾಡಿಗೆ, ಕರೆಂಟ್ ಬಿಲ್, ಫೋನ್ ಬಿಲ್ ಅಂತ ಬರೆದು ಕೂಡಿಸುವುದು, ಜೋಡಿಸುವುದು, ಸೋಸುವುದು ತೋರಿಸುತ್ತಾರೆ. ಆ ಉದಾಹರಣೆ ಒಳ್ಳೆಯದೇ. ಆದರೆ ಶಾಲೆಯವರ ಕೈಗೆ ಅದನ್ನು ಕೊಡುವಾಗ ನಾನು ಹಾಳೆಯನ್ನು ಬದಲಾಯಿಸುತ್ತೇನೆ. ಬಿಸಿಯೂಟದ ಲೆಕ್ಕ ತೆಗೆದುಕೊಳ್ಳುತ್ತೇವೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಅದಕ್ಕಿಂತ ಮೇಲಿನವರಿಗೆ 150 ಗ್ರಾಂ. ಒಂದು ಕಾಲಂನಲ್ಲಿ ದಿನಾಂಕ, ಎರಡರಲ್ಲಿ ಚಿಕ್ಕವರ ಹಾಜರಿ ಮತ್ತು ದೊಡ್ಡವರ ಹಾಜರಿ, ನಾಲ್ಕನೆಯದರಲ್ಲಿ ಸೂತ್ರ: ಚಿಕ್ಕವರ ಸಂಖ್ಯೆಯನ್ನು 0.1ರಿಂದ, ದೊಡ್ಡವರ ಸಂಖ್ಯೆಯನ್ನು 0.15ರಿಂದ ಗುಣಿಸಿ ಕೂಡಿಸು. ಎಷ್ಟು ಕಿಲೋ ಅಂತ ತಾನೇ ಬರುತ್ತದೆ. 80 ಚಿಕ್ಕ ಮಕ್ಕಳು, 60 ದೊಡ್ಡ ಮಕ್ಕಳು ಬಂದ ದಿನ 17 ಕಿಲೋ. ಸೂತ್ರವನ್ನು ತಿಂಗಳ ಕೊನೆಯವರೆಗೆ ಎಳೆದರೆ ಮುಗಿಯಿತು, ಪ್ರಾರಂಭಿಕ ಶಿಲ್ಕಿನಿಂದ ಕಳೆದರೆ ಉಳಿಕೆ ಶಿಲ್ಕು.

ಆ ಹಾಳೆ ಸಿದ್ಧವಾದ ದಿನ ಅಡುಗೆಯವರು, ಎಸ್‌ಡಿಎ ಸರ್, ಹೆಡ್‌ಮಾಸ್ಟರ್ ಮೂವರೂ ಒಂದೇ ಪರದೆಯ ಮುಂದೆ ನಿಂತಿದ್ದರು. ಹಾಜರಿ ಬದಲಾಯಿಸಿದರೆ ಅಕ್ಕಿಯ ಅಂಕಿ ಬದಲಾಗುವುದನ್ನು ಅಡುಗೆಯವರು ತಾವೇ ಒತ್ತಿ ಒತ್ತಿ ನೋಡಿದರು. ಲೆಕ್ಕ ಅವರಿಗೆ ಬಾಯಲ್ಲೇ ಬರುತ್ತದೆ, ಎಷ್ಟೋ ವರ್ಷದಿಂದ ಮಾಡಿದ್ದಾರೆ. ಯಂತ್ರವೂ ಅದನ್ನೇ ಹೇಳುತ್ತದೆ ಅಂತ ತಿಳಿದಾಗ ಯಂತ್ರದ ಭಯ ಹೋಯಿತು. ನನ್ನ ಪ್ರಕಾರ ತರಬೇತಿ ಶುರುವಾಗಬೇಕಾದದ್ದು ಇಲ್ಲಿಂದ, ಅವರಿಗೆ ಆಗಲೇ ಗೊತ್ತಿರುವ ಕೆಲಸದಿಂದ.

ಶಿಕ್ಷಕರಿಗೆ ಅಂಕಗಳ ಹಾಳೆ. ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ), ಅದರ ಮೇಲೆ ಶ್ರೇಣಿ. ಕೈಯಲ್ಲಿ ಬರೆದು ಕೂಡಿಸಿ ತಪ್ಪು ಹುಡುಕುತ್ತಾ ರಾತ್ರಿ ಕಳೆಯುವ ಕೆಲಸ ಇದು. ಕ್ಯಾಲ್ಕ್‌ನ ಸೂತ್ರಗಳ ಪಾಠ ನೋಡಿದ ಮೇಲೆ ಒಂದು ಇಫ್ ಸೂತ್ರ ಬರೆದರೆ ಶ್ರೇಣಿ ತಾನೇ ಬೀಳುತ್ತದೆ. ಪಾಠದಲ್ಲಿ ನೇರವಾಗಿ ಶ್ರೇಣಿ ಹಾಕುವುದನ್ನು ಹೇಳಿಲ್ಲ, ಅದನ್ನು ಪಕ್ಕದಲ್ಲಿ ಕೂತವರು ಜೋಡಿಸಬೇಕು.

ಲಿಬ್ರೆಆಫೀಸ್‌ನಲ್ಲಿ ಪತ್ರ, ಬರಹ ಟೈಪ್ ಮಾಡುವುದು ರೈಟರ್‌ನಲ್ಲಿ. ಅದರ ಪಾಠಗಳಲ್ಲಿ ಉದಾಹರಣೆ ಕೆಲಸಕ್ಕೆ ಅರ್ಜಿ ಹಾಕುವವರ ರೆಸ್ಯೂಮ್. ಕಾಲೇಜು ಹುಡುಗರಿಗೆ ಸರಿ. ನಮ್ಮವರಿಗೆ ಅದರ ಬದಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯುವ ಪತ್ರ, ಎಸ್‌ಡಿಎಂಸಿ ಸಭೆಯ ನಡಾವಳಿ, ಪೋಷಕರ ಸಭೆಯ ಆಹ್ವಾನ ಕೊಟ್ಟು ಮಾಡಿಸಿದೆ. ಟೇಬಲ್ ಹಾಕುವುದು, ಚಿತ್ರ ಸೇರಿಸುವುದು, ಪಿಡಿಎಫ್ ಮಾಡುವುದು ಎಲ್ಲವೂ ಅದರಲ್ಲೇ ಬಂತು.

ನನ್ನ ವಿಷಯ ಗಣಿತ ಆಗಿರುವುದರಿಂದ ಗಣಿತದ ಆಕೃತಿಗಳನ್ನು ಬಿಡಿಸಿ ಎಳೆದಾಡಿ ನೋಡುವ ಜಿಯೋಜಿಬ್ರಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳದೆ ಇರಲಾರೆ. ಇದನ್ನು ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ಆಸ್ಟ್ರಿಯಾದವರು 2001ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ತಮ್ಮ ಓದಿನ ಭಾಗವಾಗಿ ಶುರು ಮಾಡಿದರು, ಈಗ ಲೋಕದ ಎಲ್ಲ ಕಡೆ ಗಣಿತದ ಮೇಷ್ಟ್ರುಗಳು ಬಳಸುತ್ತಾರೆ. ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ವೃತ್ತದ ಸ್ಪರ್ಶಕ, ಜ್ಯಾ ಮತ್ತು ಕಂಸ, ಚತುರ್ಭುಜದ ಗುಣಗಳು ಅಂತ ಪಾಠಗಳಿವೆ. ಹತ್ತನೇ ತರಗತಿಯಲ್ಲಿ ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಅಂತ ಬೋರ್ಡ್ ಮೇಲೆ ಸಾಧಿಸುತ್ತೇವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಜಿಯೋಜಿಬ್ರಾದಲ್ಲಿ ಆ ಬಿಂದುವನ್ನು ಹಿಡಿದು ಎಳೆದರೆ ಎರಡೂ ಉದ್ದ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಬಿಂದುವನ್ನು ವೃತ್ತದ ಒಳಗೆ ತಂದರೆ ಸ್ಪರ್ಶಕಗಳು ಮಾಯ! ಯಾಕೆ ಮಾಯವಾದವು ಟೀಚರ್ ಅಂತ ಮಕ್ಕಳೇ ಕೇಳುತ್ತಾರೆ, ಪಾಠ ಅಲ್ಲಿಂದ ತಾನೇ ಮುಂದೆ ಹೋಗುತ್ತದೆ. ಗಣಿತ ಶಿಕ್ಷಕರು ಬೇರೇನೂ ನೋಡದಿದ್ದರೂ ಈ ಸರಣಿಯನ್ನು ನೋಡಲೇಬೇಕು. ವಿಜ್ಞಾನದವರಿಗೆ ಆವರ್ತ ಕೋಷ್ಟಕದ ಕಾಲ್ಜಿಯಂ ಇದೆ, ಚಲನೆ ಮತ್ತು ಬಲಗಳ ಪ್ರಯೋಗ ಮಾಡಿ ನೋಡಲು ಸ್ಟೆಪ್ ಇದೆ. ಟೈಪಿಂಗ್ ಕಲಿಯುವ ಚಿಕ್ಕ ಮಕ್ಕಳಿಗೆ ಟಕ್ಸ್ ಟೈಪಿಂಗ್.

ಇನ್ನು ಕೊರತೆಗಳು. ದೊಡ್ಡ ಕೊರತೆ ಹಳೆಯ ಆವೃತ್ತಿ. ಲಿಬ್ರೆಆಫೀಸ್‌ನ ಮೊದಲ ಸರಣಿಯನ್ನು ಉಬುಂಟು ಎಂಬ ಲಿನಕ್ಸ್‌ನ 10.04 ಆವೃತ್ತಿಯಲ್ಲಿ, ಲಿಬ್ರೆಆಫೀಸ್ 3.3ರಲ್ಲಿ ಮಾಡಿದ್ದು. ಮೆನುಗಳ ಜಾಗ ಅಂದಿಗೂ ಇಂದಿಗೂ ಬದಲಾಗಿದೆ, ಬಣ್ಣ ಬದಲಾಗಿದೆ. ನಮಗೆ ಇದು ಸಣ್ಣ ವಿಷಯ. ಹೊಸದಾಗಿ ಕಲಿಯುವವರಿಗೆ ಪರದೆಯಲ್ಲಿ ಕಂಡದ್ದು ತಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅಂದರೆ ತಾವೇ ಏನೋ ಕೆಡಿಸಿದೆವು ಅನ್ನುವ ಹೆದರಿಕೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಲಿಬ್ರೆಆಫೀಸ್ 6.3ಕ್ಕೆ ಹೊಸ ಸರಣಿ ಮಾಡಿದ್ದಾರೆ. ಪಾಠ ಇಳಿಸಿಕೊಳ್ಳುವ ಮೊದಲು ಯಾವ ಆವೃತ್ತಿ ಅಂತ ನೋಡಿ, ಸಾಧ್ಯವಾದಷ್ಟು ಹೊಸದನ್ನೇ ತೆಗೆದುಕೊಳ್ಳಿ. ಹಳೆಯದನ್ನೇ ಬಳಸಬೇಕಾದರೆ ಮೊದಲು ನೀವು ಒಮ್ಮೆ ಮಾಡಿ ನೋಡಿ, ಎಲ್ಲಿ ವ್ಯತ್ಯಾಸ ಇದೆಯೋ ಅದನ್ನು ಪ್ರಿಂಟ್ ಹಾಳೆಯ ಮೇಲೆ ಬರೆದು ಕೊಡಿ.

ಎರಡನೆಯದು ಕನ್ನಡ ಟೈಪಿಂಗ್. ನನಗೆ ಹೆಚ್ಚು ಬೇಸರ ಆಗಿದ್ದು ಇಲ್ಲೇ. ರೈಟರ್‌ನಲ್ಲಿ ಸ್ಥಳೀಯ ಭಾಷೆಯಲ್ಲಿ ಟೈಪ್ ಮಾಡುವ ಪಾಠ ಒಂದಿದೆ, ಅದರಲ್ಲಿ ಉದಾಹರಣೆಗೆ ತೆಗೆದುಕೊಂಡಿರುವ ಭಾಷೆ ಕನ್ನಡವೇ. ನೋಡಿ ಖುಷಿಯಾಯಿತು. ಆದರೆ ಅದರಲ್ಲಿ ಹೇಳಿರುವುದು ಎಸ್‌ಸಿಐಎಂ ಎಂಬ ಹಳೆಯ ವ್ಯವಸ್ಥೆಯ ಮೂಲಕ. ಈಗಿನ ಉಬುಂಟುವಿನಲ್ಲಿ ಅದರ ಜಾಗಕ್ಕೆ ಐಬಸ್ ಬಂದಿದೆ. ಪಾಠದಂತೆ ಹೋದರೆ ಅರ್ಧ ದಾರಿಯಲ್ಲೇ ನಿಲ್ಲುತ್ತೀರಿ. ಮಾಡಬೇಕಾದದ್ದು ಇಷ್ಟೇ: ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಜಿಪಿ ವಿನ್ಯಾಸ ಸೇರಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರ ಬೆರಳಿಗೆ ಅದು ಹಾಗೇ ಹೊಂದುತ್ತದೆ, ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಂದರೆ ಶಾಲೆ ಕಚೇರಿಗಳಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಮೇಲಿನಿಂದ ಬರುವ ಎಷ್ಟೋ ನಮೂನೆಗಳು ಈಗಲೂ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಕಡತ ಕೆಟ್ಟಿದೆ ಅಂತ ಅಳಿಸಿದವರನ್ನು ನೋಡಿದ್ದೇನೆ. ಕೆಟ್ಟಿರುವುದಿಲ್ಲ, ಆ ಫಾಂಟ್ ಹಾಕಿದರೆ ಸರಿಯಾಗಿ ಕಾಣುತ್ತದೆ, ಅಥವಾ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು. ಕರ್ನಾಟಕದ ಶಾಲಾ ಸಿಬ್ಬಂದಿಗೆ ಇಡೀ ತರಬೇತಿಯಲ್ಲಿ ಒಂದೇ ಒಂದು ಪಾಠ ಹೇಳಲು ಅವಕಾಶ ಸಿಕ್ಕರೆ ನಾನು ಇದನ್ನೇ ಹೇಳುತ್ತೇನೆ. ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಇದಕ್ಕೆ ಹೊಸ ಪಾಠ ಬರಲೇಬೇಕು.

ಮೂರನೆಯದು, ಶಾಲೆಯ ದಿನನಿತ್ಯದ ಸರ್ಕಾರಿ ಜಾಲತಾಣಗಳ ಪಾಠ ಇದರಲ್ಲಿ ಇಲ್ಲ. ಎಸ್‌ಎಟಿಎಸ್‌ನಲ್ಲಿ ಮಗುವಿನ ದಾಖಲಾತಿ, ಯುಡೈಸ್ ಪ್ಲಸ್‌ನಲ್ಲಿ ಶಾಲೆಯ ಮಾಹಿತಿ, ಎಚ್‌ಆರ್‌ಎಂಎಸ್‌ನಲ್ಲಿ ವೇತನ, ಇವೇ ನಮ್ಮ ಎಸ್‌ಡಿಎ ಸರ್ ದಿನದ ಕೆಲಸ. ಐಐಟಿಯವರು ಇದನ್ನು ಮಾಡಬೇಕಿತ್ತು ಅಂತ ಹೇಳುವುದಿಲ್ಲ, ಅದು ಆಯಾ ಇಲಾಖೆಯ ಜವಾಬ್ದಾರಿ. ಆದರೆ ಇದೇ ಮಾದರಿಯಲ್ಲಿ, ಹತ್ತು ನಿಮಿಷದಲ್ಲಿ, ಕನ್ನಡದಲ್ಲಿ, ಬರಹದ ಸಮೇತ ಯಾರಾದರೂ ಮಾಡಿದರೆ ರಾಜ್ಯದ ಎಷ್ಟು ಕಚೇರಿಗಳಲ್ಲಿ ಎಷ್ಟು ಜನ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ!

ಪ್ರಶ್ನೆ ಕೇಳುವ ವ್ಯವಸ್ಥೆ ಚೆನ್ನಾಗಿದೆ. ಯಾವ ಪಾಠ, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಗುರುತಿಸಿ ಕೇಳಬಹುದು. ಆದರೆ ಅಲ್ಲಿನ ಮಾತು ಇಂಗ್ಲಿಷ್‌ನಲ್ಲೇ ನಡೆಯುವುದರಿಂದ ನಮ್ಮವರು ಆ ಕಡೆ ಹೋಗುವುದಿಲ್ಲ, ನನ್ನನ್ನೇ ಕೇಳುತ್ತಾರೆ. ಪ್ರಮಾಣಪತ್ರದ ಪರೀಕ್ಷೆಯೂ ಇದೆ. ನಾವು ಆ ಗೋಜಿಗೆ ಹೋಗಿಲ್ಲ.

ಊರಿನವರ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಇಡುವವರಿಗೆ ಕ್ಯಾಲ್ಕ್ ಪಾಠ ಬಹಳ ಉಪಯೋಗ, ಮನೆ ಖರ್ಚಿನ ಉದಾಹರಣೆ ಅವರಿಗೆ ಹಾಗೇ ಹಿಡಿಸಿತು. ಸಾಲ, ಉಳಿತಾಯ, ಬಡ್ಡಿ ಅಂತ ಕಾಲಂ ಮಾಡಿಕೊಂಡರು. ಆರೋಗ್ಯ ಮತ್ತು ಪೌಷ್ಟಿಕ ಆಹಾರದ ಬಗ್ಗೆಯೂ ಇದೇ ಯೋಜನೆಯಲ್ಲಿ ಪಾಠಗಳಿವೆ, ಮಗುವಿಗೆ ಎದೆಹಾಲು ಕುಡಿಸುವಾಗ ಹೇಗೆ ಹಿಡಿದುಕೊಳ್ಳಬೇಕು, ಆರು ತಿಂಗಳ ಮೇಲೆ ಏನು ತಿನ್ನಿಸಬೇಕು ಅನ್ನುವಂಥವು. ಅಂಗನವಾಡಿ ಕಾರ್ಯಕರ್ತೆಯರಿಗೂ ಆಶಾ ಕಾರ್ಯಕರ್ತೆಯರಿಗೂ ಇವನ್ನು ತೋರಿಸಲೇಬೇಕು. ಆದರೆ ಊರಿನ ಹೆಚ್ಚಿನವರ ಕೈಯಲ್ಲಿ ಇರುವುದು ಮೊಬೈಲ್. ಅವರು ಕೇಳುವುದು ಫೋನ್‌ಪೇ, ಆಧಾರ್ ಓಟಿಪಿ, ಪಹಣಿ ತೆಗೆಯುವುದು, ಬ್ಯಾಂಕಿನವರು ಅಂತ ಫೋನ್ ಮಾಡಿದರೆ ಏನು ಮಾಡಬೇಕು ಅನ್ನುವುದು. ಅದಕ್ಕೆ ಇಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ.

ಹಾಗಾಗಿ ಆ ಭಾಗವನ್ನು ನಾವೇ ಮಾತಿನಲ್ಲಿ ಹೇಳುತ್ತೇವೆ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಿಲ್ಲ, ಕಳಿಸಬೇಕಾದರೆ ಮಾತ್ರ ಒತ್ತಬೇಕು. ಓಟಿಪಿ ಯಾರಿಗೂ ಹೇಳಬಾರದು, ಮಗ ಅಂತ ಹೇಳಿಕೊಂಡು ಫೋನ್ ಮಾಡಿದವರಿಗೂ. ಮೋಸ ಹೋದರೆ ಆ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ನಾಳೆ ನೋಡೋಣ ಅನ್ನಬಾರದು. ಈ ಮೂರು ಮಾತನ್ನು ಎಸ್‌ಡಿಎಂಸಿ ಸಭೆಯಲ್ಲಿ ಪ್ರತಿ ಸಲ ಹೇಳಿಸುತ್ತೇವೆ. ಕೇರಳದಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ 'ಲಿಟಲ್ ಕೈಟ್ಸ್' ಅಂತ ಶಾಲಾ ಮಕ್ಕಳ ಕೂಟಗಳನ್ನು ಕಟ್ಟಿ, ಆ ಮಕ್ಕಳಿಂದಲೇ ತಾಯಂದಿರಿಗೆ ಸೈಬರ್ ಸುರಕ್ಷತೆ ಹೇಳಿಸಿದೆ. ಅಲ್ಲಿನ ಶಾಲೆಗಳು ನಡೆಯುವುದೂ ಮುಕ್ತ ತಂತ್ರಾಂಶದ ಮೇಲೆಯೇ. ಅದರಿಂದ ನಾವು ಕಲಿಯುವುದು ತುಂಬಾ ಇದೆ. ಮಕ್ಕಳು ಹೇಳಿದರೆ ಅಮ್ಮಂದಿರು ಕೇಳುತ್ತಾರೆ, ನಾಚಿಕೆ ಇರುವುದಿಲ್ಲ.

ಬೇರೆ ದಾರಿಗಳ ಜೊತೆ ಹೋಲಿಸಿ ಅಂತ ಕೇಳುವವರಿಗೆ: ಕೇಂದ್ರದ ಕಲಿಕಾ ತಾಣ ದೀಕ್ಷಾ 2017ರಿಂದ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಪಾಠ ಬರುತ್ತದೆ, ಶಿಕ್ಷಕರ ನಿಷ್ಠಾ ತರಬೇತಿಗಳು ಅದರಲ್ಲೇ ನಡೆದವು. ವಿಷಯ ಬೋಧನೆಗೆ ಅದು ಒಳ್ಳೆಯದು, ಆದರೆ ಕಂಪ್ಯೂಟರನ್ನೇ ಕೈಯಾರೆ ಕಲಿಯಲು ಅಲ್ಲ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಅಂದರೆ ಕೆಒಇಆರ್, ಖಂಡಿತ ನೋಡುವಂಥದ್ದು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಬೆಳೆಸಿದ್ದು, ಕನ್ನಡದಲ್ಲೂ ಇದೆ, ಶಿಕ್ಷಕರೇ ಬರೆದ ಪುಟಗಳಿವೆ. ಕೇಂದ್ರದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 20 ಗಂಟೆಯ ಕೋರ್ಸ್ ಕೊಡುತ್ತಿತ್ತು, ಅದು 2024ರ ಮಾರ್ಚ್‌ಗೆ ಮುಗಿಯಿತು. ಯೂಟ್ಯೂಬ್‌ನಲ್ಲಿ ಕನ್ನಡದ ಒಳ್ಳೆಯ ವಿಡಿಯೊಗಳು ಬೇಕಾದಷ್ಟಿವೆ, ಆದರೆ ಒಂದರ ಹಿಂದೆ ಒಂದು ಕ್ರಮವಾಗಿ ಕಲಿಯುವ ಹಾಗೆ ಸಿಗುವುದು ಕಷ್ಟ, ನೆಟ್ ಬೇಕು, ನಡುವೆ ಜಾಹೀರಾತು.

ಶುರು ಮಾಡುವವರಿಗೆ ನನ್ನ ಕಡೆಯಿಂದ ಒಂದಿಷ್ಟು ಹೇಳಿ ನಿಲ್ಲಿಸುತ್ತೇನೆ. ನೆಟ್ ಚೆನ್ನಾಗಿರುವ ಕಡೆ ಕೂತು ಬೇಕಾದ ಸರಣಿ, ಬೇಕಾದ ಭಾಷೆ ಆರಿಸಿ ಒಟ್ಟಿಗೆ ಇಳಿಸಿಕೊಳ್ಳಿ, ತಾಣದಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಹಳೆಯ ಲ್ಯಾಬ್ ಕಂಪ್ಯೂಟರ್‌ಗಳು ನಿಧಾನ ಆಗಿದ್ದರೆ ಲುಬುಂಟುವಿನಂಥ ಹಗುರವಾದ ಲಿನಕ್ಸ್ ಹಾಕಿ, 2 ಜಿಬಿ ಮೆಮೊರಿಯಲ್ಲೂ ಕ್ಯಾಲ್ಕ್ ಓಡುತ್ತದೆ. ಮೊದಲು ಕನ್ನಡ ಟೈಪಿಂಗ್ ಸರಿ ಮಾಡಿಕೊಡಿ, ಆಮೇಲೆ ಕ್ಯಾಲ್ಕ್, ಆಮೇಲೆ ರೈಟರ್. ಲಿನಕ್ಸ್ ಕಮಾಂಡ್‌ಗಳ ಪಾಠವನ್ನು ಮೊದಲ ವಾರದಲ್ಲಿ ಯಾರಿಗೂ ತೋರಿಸಬೇಡಿ, ಹೆದರಿ ಹೋಗುತ್ತಾರೆ. ವಾರಕ್ಕೆ ಒಂದು ಹೊತ್ತು ಸಾಕು, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮಗೆ ಅನುಕೂಲ. ಒಂದು ಕಂಪ್ಯೂಟರ್‌ಗೆ ಒಬ್ಬರೇ. ಪಕ್ಕದಲ್ಲಿ ಕೂರುವವರು ಮೌಸ್ ಮುಟ್ಟಬಾರದು, ಇದು ನಮ್ಮ ಲ್ಯಾಬ್‌ನ ನಿಯಮ. ಬೆರಳು ತೋರಿಸಿ, ಬಾಯಲ್ಲಿ ಹೇಳಿ, ಆದರೆ ಒತ್ತುವುದು ಕಲಿಯುವವರೇ. ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿನ ಮೇಲ್ವಿಚಾರಕರಿಗೂ ಒಂದು ಪೆನ್‌ಡ್ರೈವ್ ಕೊಡಿ. ಶಾಲೆಗೆ ಬರಲು ಹಿಂಜರಿಯುವವರು ಅಲ್ಲಿಗೆ ಬರುತ್ತಾರೆ.

ಐದಕ್ಕೆ ಅಂಕ ಕೊಡಬೇಕಾದರೆ ಶಾಲೆಯ ಸಿಬ್ಬಂದಿಗೆ ನಾಲ್ಕು, ಊರಿನವರಿಗೆ ಎರಡೂವರೆ. ಕನ್ನಡ ಟೈಪಿಂಗ್ ಪಾಠವನ್ನು ಐಬಸ್‌ಗೆ ತಂದು, ಲಿಬ್ರೆಆಫೀಸ್‌ನ ಹೊಸ ಸರಣಿಯನ್ನು ಪೂರ್ತಿ ಕನ್ನಡದಲ್ಲಿ ಕೊಟ್ಟರೆ ಮೊದಲನೆಯದನ್ನು ಐದು ಮಾಡುತ್ತೇನೆ. ಕನ್ನಡಕ್ಕೆ ಧ್ವನಿ ಕೊಡಲು, ಬರಹ ತಿದ್ದಲು ಸಮಯ ಇರುವ ಶಿಕ್ಷಕರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಯೋಜನೆಯವರು ಕರೆದರೆ ನಮ್ಮ ತಾಲ್ಲೂಕಿನಿಂದಲೇ ಬರುತ್ತಾರೆ, ನಾನೂ ಬರುತ್ತೇನೆ.